ಎತ್ತಬ್ಯಾಡ್ರಿ ಅಂದಿದ್ದ ಮಿಷನ್ ಅಕ್ಕ

ಮೊನ್ನೆ ಬೆಳಗ್ಗೆ ಡ್ಯೂಟಿಗೆ ಹೊರಟಾಗ ಹೈದರಾಬಾದಿನ ನಮ್ಮ ಮೆಟ್ರೋ ನಿಲ್ದಾಣದ ಲಿಫ್ಟಿನ ಬಾಗಿಲು ಬಿಚ್ಚಿಟ್ಟುಕೊಂಡು ಒಬ್ಬ ಮೆಕ್ಯಾನಿಕ್ ಕೂತಿದ್ದ. ಕೈಯಲ್ಲಿ ಉದ್ದ ಮೂತಿಯ ಪುಟ್ಟ ಎಣ್ಣೆ ಡಬ್ಬಿ. ಬಾಗಿಲು ಜಾರುವ ಪಟ್ಟಿಯ ಮೇಲೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದ. ದಾಟಿ ಹೋಗಬೇಕೆಂದವಳು ಅಲ್ಲೇ ನಿಂತುಬಿಟ್ಟೆ. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯದೇ ವಾಸನೆ... ಹೊಸ ಬಟ್ಟೆ, ಸುಣ್ಣದ ಬಳಪ, ಬಿಸಿ ಇಸ್ತ್ರಿ, ಇವೆಲ್ಲದರ ಜೊತೆ ಬೆರೆತು ಬರುತ್ತಿದ್ದ ಆ ವಾಸನೆ ಜಹೀರಾಬಾದಿನ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯದು. ಮಿಷನ್ ಅಕ್ಕನ ಅಂಗಡಿಯದು.

ಮೆಕ್ಯಾನಿಕ್ ತಲೆಯೆತ್ತಿ, "ಸ್ವಲ್ಪ ಹೊತ್ತು ಮೇಡಂ, ಆಮೇಲೆ ಚಾಲೂ ಆಗ್ತದೆ" ಅಂದ. ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಅವನು ಪಾಪ ತನ್ನ ಕೆಲಸ ಮಾಡುತ್ತಿದ್ದ. ಇಷ್ಟು ಸಲೀಸಾಗಿ, ಒಬ್ಬ ಮನುಷ್ಯ ಒಂದು ಎಣ್ಣೆ ಡಬ್ಬಿ ಹಿಡಿದು ಬಂದು ಮಾಡಿಹೋಗುವ ಕೆಲಸ ಆವಾಗ ಯಾಕೆ ಆಗಲಿಲ್ಲ ಅಂತ ಸಿಟ್ಟು. ಆ ಸಿಟ್ಟು ಇಟ್ಟುಕೊಂಡೇ ಆಸ್ಪತ್ರೆಗೆ ಹೋದೆ, ಲ್ಯಾಬಿನಲ್ಲಿ ದಿನವಿಡೀ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ನಮ್ಮ ಕಡೆ ಹೊಲಿಗೆ ಯಂತ್ರಕ್ಕೆ ಮಿಷನ್ ಅಂತಲೇ ಹೇಳುವುದು. ಆಕೆಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅಂಗಡಿಯ ಮೇಲಿನ ಬೋರ್ಡಿನಲ್ಲಿ ಅದನ್ನು ತೆಲುಗಿನಲ್ಲಿ ಚೆಂದಾಗಿ ಬರೆಸಿಯೂ ಇದ್ದಳು. ಆದರೆ ಗಲ್ಲಿಯ ಮುದುಕರಿಂದ ಹಿಡಿದು ಕೂಸುಗಳ ತನಕ ಎಲ್ಲರಿಗೂ ಆಕೆ ಮಿಷನ್ ಅಕ್ಕ. ಬೀದರದ ಗಡಿಗೆ ಹತ್ತಿದ ತೆಲಂಗಾಣದ ಊರು ನಮ್ಮದು, ನಾನು ಹುಟ್ಟಿ ಬೆಳೆದದ್ದು ಅದೇ ಗಲ್ಲಿಯಲ್ಲಿ. ಕಾಲೇಜು ಮುಗಿಸಿ ಕೆಲಸ ಸಿಗುವ ತನಕ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ನಮ್ಮವ್ವ ನನ್ನನ್ನು ಹೊಲಿಗೆ ಕಲಿಯಲು ಆಕೆಯ ಹತ್ತಿರ ಕಳಿಸಿದ್ದಳು. ನನಗೆ ಹೊಲಿಗೆ ಬರಲಿಲ್ಲ. ನಾನು ಹಾಕಿದ ಕಾಜಾ ನೋಡಿ ಆಕೆ, "ಇದರಾಗ ಗುಂಡಿ ಅಲ್ಲ, ಎಮ್ಮಿ ಹೋಗ್ತದ" ಅಂದಿದ್ದಳು. ಹೊಲಿಗೆ ಬರದಿದ್ದರೂ ಆ ಅಂಗಡಿ ಬಿಡಲು ಮನಸ್ಸಾಗಲಿಲ್ಲ. ಸಂಜೆಯಾದರೆ ಅಲ್ಲೇ ಹೋಗಿ ಕೂಡುತ್ತಿದ್ದೆ.

ಆಕೆಯ ಎಡಗಾಲು ಸಣ್ಣಂದಿನಲ್ಲೇ ಪೋಲಿಯೋ ಬಂದು ಸೊರಗಿತ್ತು. ಬಗಲಲ್ಲಿ ಕಟ್ಟಿಗೆಯ ಊರುಗೋಲು, ಅದರ ತಲೆಗೆ ತಾನೇ ಹೊಲಿದು ಹಾಕಿದ ಮೆತ್ತನೆ ಗಾದಿ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳಿಂದ ಮಾಡಿದ್ದಾದ್ದರಿಂದ ಅದರ ಬಣ್ಣ ಆಗಾಗ ಬದಲಾಗುತ್ತಿತ್ತು. ಒಮ್ಮೆ ಬನಾರಸಿ ಜರಿಯದೂ ಇತ್ತು. ಬಲಗಾಲೊಂದರಿಂದಲೇ ಮಿಷನ್ ತುಳಿಯುತ್ತಿದ್ದಳು, ಎರಡು ಕಾಲಿನವರಿಗಿಂತ ಜೋರಾಗಿ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದಕಾಯಿ, ಅದರ ಮೇಲೊಂದು ಅಳತೆ ಟೇಪು. ನಮ್ಮೊಂದಿಗೆ ಕನ್ನಡ, ಗಿರಾಕಿಗಳೊಂದಿಗೆ ತೆಲುಗು, ಇಸ್ತ್ರಿ ಅಂಗಡಿಯ ಚಾಚಾನೊಂದಿಗೆ ದಖನಿ ಉರ್ದು. ಬೈಯುವಾಗ ಮಾತ್ರ ಮೂರೂ ಕೂಡಿ ಬರುತ್ತಿದ್ದವು.

ಊರು ತಾಂಡೂರು. ಅಪ್ಪನದು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸ. ಅಪ್ಪ ತೀರಿದ ಮೇಲೆ ಅಕ್ಕ-ಭಾವನ ಹಿಂದೆ ಜಹೀರಾಬಾದಿಗೆ ಬಂದವಳು ಅವರು ಊರು ಬಿಟ್ಟು ಹೋದರೂ ತಾನು ಇಲ್ಲೇ ಉಳಿದಳು. ಲಗ್ನ ಆಗಿರಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಗಲ್ಲಿಯಲ್ಲಿ ಯಾರಿಗೂ ಇರಲಿಲ್ಲ.

ಒಂದು ಸಂಜೆ ಕರೆಂಟು ಹೋಗಿ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾಗ ಆಕೆ ತಾಂಡೂರಿನ ರೈಲ್ವೆ ಸ್ಟೇಷನ್ನಿನ ಮಾತು ತೆಗೆದಳು.

"ರೈಲಿನ ಮೆಟ್ಟಲ ಎಷ್ಟ್ ಎತ್ತರ ಇರ್ತದ ಗೊತ್ತದ ಏನ್ ನಿಂಗ? ನಮ್ಮಪ್ಪ ಗೋಣಿಚೀಲ ಎತ್ತಿದಂಗ ನನಗ ಎತ್ತಿ ಒಳಗ ಇಡ್ತಿದ್ದ. ಸಣ್ಣಾಕಿ ಇದ್ದಾಗ ಆಟ ಅನಸ್ತಿತ್ತು. ದೊಡ್ಡಾಕಿ ಆದಮ್ಯಾಲ ಒಂದಿನ ಒಬ್ಬಾಕೀನೇ ಹೋಗಿದ್ನಿ. ಹಿಂದಿನಿಂದ ಯಾರೋ ಬಂದು ಕೇಳ್ದ ಮಾಡ್ದ ನನಗ ಎತ್ತಿಬಿಟ್ಟ ನೋಡು. ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಅನ್ನೋ ಖಬರ್ ಇಲ್ಲ..."

ಊರುಗೋಲನ್ನು ಎಳೆದು ಮಗ್ಗುಲಿಗೆ ಇಟ್ಟುಕೊಂಡಳು. ಆಮೇಲೆ, "ಅವ್ನ ಕೈ ಕಚ್ಚಿದ್ನಿ. ರಕ್ತ ಬಂತು. ಮಂದಿ ಎಲ್ಲಾ ನಂಗೇ ಬೈದ್ರು, ಉಪಕಾರ ಮಾಡಾಕ ಬಂದವ್ನಿಗಿ ಕಚ್ಚಿದಿ ಅಂತ" ಅಂದು ನಕ್ಕಳು. ನಾನೂ ನಕ್ಕೆ. ಆದರೆ ಅದು ನಗುವ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ಆಕೆ ಯಾರ ಕೈಯಿಂದಲೂ ಎತ್ತಿಸಿಕೊಂಡವಳಲ್ಲ. ಬಸ್ಸು ಹತ್ತುವುದನ್ನು ತನ್ನದೇ ರೀತಿಯಲ್ಲಿ ಸಾಧಿಸಿಕೊಂಡಿದ್ದಳು. ಕೆಳಗಿನ ಮೆಟ್ಟಿಲ ಮೇಲೆ ಹಿಮ್ಮುಖವಾಗಿ ಕೂಡುವುದು, ಊರುಗೋಲು ತೊಡೆಯ ಮೇಲೆ ಇಟ್ಟುಕೊಳ್ಳುವುದು, ಎರಡೂ ಅಂಗೈ ಊರಿ ಮೈಯನ್ನು ಮೇಲಿನ ಮೆಟ್ಟಿಲಿಗೆ ತಳ್ಳುವುದು. ಹೊತ್ತು ಹಿಡಿಯುತ್ತಿತ್ತು. ಕಂಡಕ್ಟರುಗಳು ಅವಸರ ಮಾಡಿದರೆ, "ನಿಮ್ಮ ಬಸ್ಸ್ ನಿಂದಿರ್ಲಿ ಜರಾ, ಸಾಯಲ್ಲ" ಅನ್ನುತ್ತಿದ್ದಳು. ಹಳೆಯ ಕಂಡಕ್ಟರುಗಳಿಗೆ ರೂಢಿಯಾಗಿ ಅವರೇ ಉಳಿದವರನ್ನು ತಡೆದು ನಿಲ್ಲಿಸುತ್ತಿದ್ದರು.

ತಿಂಗಳಿಗೊಮ್ಮೆ ಆಕೆ ಶಹರಕ್ಕೆ ಹೋಗಲೇಬೇಕಿತ್ತು. ಹೈದರಾಬಾದಿಗೆ ನಮ್ಮ ಕಡೆ ಹಳಬರು ಶಹರ ಅಂತಲೇ ಹೇಳುತ್ತಿದ್ದರು. ದಾರ, ಹುಕ್ಕು, ಅಸ್ತರು, ಸೀರೆಯ ಫಾಲು, ಎಲ್ಲ ಅಲ್ಲಿಯ ಹಳೆ ಬಜಾರಿನಿಂದಲೇ ಬರಬೇಕು. ಜಹೀರಾಬಾದ್ ಮತ್ತು ನಾರಾಯಣಖೇಡದ ಬಸ್ಸುಗಳು ಶಹರದ ಅಂಚಿನಲ್ಲಿ ಒಂದು ತಿರುವಿಗೆ ನಿಲ್ಲುತ್ತಿದ್ದವು. ಅಲ್ಲೊಂದು ಹಳೆಯ ಬೇವಿನ ಮರ. ಬುಡಕ್ಕೆ ಯಾರೋ ಪುಣ್ಯಾತ್ಮರು ಫರಸಿ ಜೋಡಿಸಿ ಕಟ್ಟೆ ಮಾಡಿದ್ದರು. ಮಗ್ಗುಲಿಗೆ ಚಹದ ಡಬ್ಬಾ ಅಂಗಡಿ. ಲ್ಯಾಬಿನ ಕೆಲಸ ಸಿಕ್ಕು ನಾನು ಆ ತಿರುವಿನ ಹಿಂದಿನ ಓಣಿಯಲ್ಲೇ ಬಾಡಿಗೆಗೆ ಇದ್ದುದರಿಂದ, ಆಕೆ ಬರುವ ದಿನ ರಜೆಯಿದ್ದರೆ ಆ ಕಟ್ಟೆಯ ಮೇಲೆ ಕಾಯುತ್ತಿದ್ದೆ. ಆಕೆ ಬಂದು ಕೂತು ಕಲ್ಲಿನ ಮೇಲೆ ಕೈಯಾಡಿಸಿ, "ನಮ್ಮೂರ ಕಲ್ಲು, ತಣ್ಣಗ ಅದ ನೋಡು" ಅನ್ನುತ್ತಿದ್ದಳು. ಅಲ್ಲಿಂದ ಬಜಾರಿಗೆ ಸಿಟಿ ಬಸ್ಸು. ಅದೊಂದು ಯುದ್ಧ. ಸಿಟಿ ಬಸ್ಸಿನವರು ಯಾರಿಗೂ ಕಾಯುವವರಲ್ಲ. ಎಷ್ಟೋ ಸಲ ಆಕೆ ಮೆಟ್ಟಿಲ ಮೇಲೆ ಕೂಡುವಷ್ಟರಲ್ಲಿ ಬಸ್ಸು ಹೊರಟೇಬಿಡುತ್ತಿತ್ತು.

ಆ ತಿರುವಿನಲ್ಲೇ ಒಂದು ದಿನ ತಗಡಿನ ಗೋಡೆ ಎದ್ದಿತು. ಮೆಟ್ರೋ ಬರುತ್ತದೆ ಅಂದರು. ಮೊದಲು ಚಹದ ಅಂಗಡಿ ಹೋಯಿತು, ಆಮೇಲೆ ಮರ. ಬಸ್‌ಸ್ಟಾಪನ್ನು ಮುಂದಕ್ಕೆ, ಮತ್ತೆ ಹಿಂದಕ್ಕೆ, ಮತ್ತೆಲ್ಲಿಗೋ ಸರಿಸುತ್ತಿದ್ದರು. ನಮ್ಮ ಬಸ್ಸು ಯಾವ ದಿನ ಎಲ್ಲಿ ನಿಲ್ಲುತ್ತದೆ ಅಂತ ಡ್ರೈವರನಿಗೂ ಗೊತ್ತಿರುತ್ತಿರಲಿಲ್ಲ. ರಸ್ತೆಯ ನಡುವೆ ಕಂಬಗಳೆದ್ದು, ಮೇಲೆ ಏನೂ ಇಲ್ಲದೆ ವರ್ಷಗಟ್ಟಲೆ ಹಾಗೇ ನಿಂತಿದ್ದವು. ಧೂಳು, ಗುಂಡಿ, ಮಳೆ ಬಂದರೆ ಕೆಸರು. ಊರುಗೋಲು ಕೆಸರಲ್ಲಿ ಹುಗಿದು ಆಕೆ ಒಮ್ಮೆ ಬಿದ್ದೂ ಬಿದ್ದಳು. ಎದ್ದು ಸೀರೆ ಜಾಡಿಸಿಕೊಳ್ಳುತ್ತ ಆ ಕಂಬಗಳನ್ನು ನೋಡಿ ಅಂದಳು, "ಆಕಾಶದಾಗ ರೈಲ್ ಓಡಸ್ತಾರಂತ. ನೆಲದ ಮ್ಯಾಲಿನ ಬಸ್ಸಿಗಿ ಒಂದ್ ಮೆಟ್ಟಲ ತಗ್ಗ ಮಾಡಾಕ ಆಗಲ್ಲ ಇವ್ರಿಗಿ."

ಮೆಟ್ರೋ ತನ್ನಂಥವರಿಗಲ್ಲ ಅಂತ ಆಕೆ ತೀರ್ಮಾನಿಸಿಬಿಟ್ಟಿದ್ದಳು. ಶುರುವಾದ ಮೇಲೂ ಬಹಳ ದಿನ ಅತ್ತ ತಲೆಯೆತ್ತಿ ನೋಡಲಿಲ್ಲ. ಕೊನೆಗೆ ನಾನೇ ಒತ್ತಾಯ ಮಾಡಿ ಒಂದು ಬೆಳಗ್ಗೆ ಕರೆದುಕೊಂಡು ಹೋದೆ. ಬೇವಿನ ಮರ ಇದ್ದ ಜಾಗದಲ್ಲೇ ಲಿಫ್ಟು. ಒಳಗೆ ಹೋಗಿ ಬಾಗಿಲು ಮುಚ್ಚಿದಾಗ ಊರುಗೋಲನ್ನು ಗಟ್ಟಿಯಾಗಿ ಹಿಡಿದಳು. ಮೇಲೆ ಟಿಕೆಟ್ ತೆಗೆದುಕೊಂಡು ಇನ್ನೊಂದು ಲಿಫ್ಟಿನಲ್ಲಿ ಪ್ಲಾಟ್‌ಫಾರ್ಮಿಗೆ ಬಂದೆವು. ಗಾಡಿ ಬಂದು ನಿಂತು ಬಾಗಿಲು ತೆರೆಯಿತು.

ಆಕೆ ಬಾಗಿಲ ಮುಂದೆ ನಿಂತು ಕೆಳಗೆ ನೋಡಿದಳು. ಪ್ಲಾಟ್‌ಫಾರ್ಮು, ಗಾಡಿಯ ನೆಲ ಎರಡೂ ಒಂದೇ ಸಮ. ನಡುವೆ ನಾಲ್ಕು ಬೆರಳಿನ ಸಂದು. ಊರುಗೋಲನ್ನು ಆ ಕಡೆ ಇಟ್ಟಳು. ಆಮೇಲೆ ಬಲಗಾಲು. ಆಮೇಲೆ ತಾನು. ಅಷ್ಟೇ. ಒಳಗೆ ನಿಂತು ನನ್ನ ಕಡೆ ತಿರುಗಿ, "ಏ, ಒಂದ್ ಮೆಟ್ಟಲಾ ಇಲ್ಲಲ್ಲೇ!" ಅಂತ ಕೂಗಿದಳು. ಇಡೀ ಬೋಗಿಯ ಜನ ತಿರುಗಿ ನೋಡಿದರು. ಆಕೆಯ ಮುಖ ನೋಡುತ್ತ ನಿಂತ ನಾನು ಹತ್ತುವುದನ್ನೇ ಮರೆತೆ. ಬಾಗಿಲು ಮುಚ್ಚಿತು, ಗಾಡಿ ಹೊರಟಿತು. ಗಾಜಿನಾಚೆ ಆಕೆ ನಗುತ್ತ ಕೈಬೀಸುತ್ತಿದ್ದಳು.

ಫೋನು ಮಾಡಿದರೆ ಎತ್ತಲಿಲ್ಲ. ಮುಂದಿನ ಗಾಡಿ ಹತ್ತಿ ಹೋಗೋಣವೆಂದರೆ ಆಕೆ ಎಲ್ಲಿ ಇಳಿದಳೋ ಗೊತ್ತಿಲ್ಲ. ಅಲ್ಲೇ ಅಡ್ಡಾಡುತ್ತ ಕಾದೆ. ಬಹಳ ಹೊತ್ತಿನ ಮೇಲೆ ಎದುರಿನ ಪ್ಲಾಟ್‌ಫಾರ್ಮಿಗೆ ಗಾಡಿ ಬಂತು, ಅದರಿಂದ ಮಿಷನ್ ಅಕ್ಕ ಇಳಿದಳು. ಒಂದೇ ಸ್ಟೇಷನ್ ಹೋಗಿ ಬರಬಹುದಿತ್ತಂತೆ, ಚೆಂದ ಅನಿಸಿ ಮೂರು ನಾಲ್ಕು ದಾಟಿ ಹೋಗಿ ಬಂದಿದ್ದಳು. ಲಿಫ್ಟಿನಲ್ಲಿ ಇಳಿದು, ಲಿಫ್ಟಿನಲ್ಲಿ ಹತ್ತಿ, ಯಾರನ್ನೂ ಕೇಳದೆ, ಯಾರ ಕೈಯನ್ನೂ ಹಿಡಿಯದೆ. ಆ ದಿನ ನನ್ನ ಕೋಣೆಯಲ್ಲಿ ಊಟಕ್ಕೆ ಕೂತಾಗಲೂ ಅದನ್ನೇ ಹೇಳುತ್ತಿದ್ದಳು. ನಡುವಯಸ್ಸಿನ ಹೆಂಗಸು, ಮೊದಲ ಸಲ ಸೈಕಲ್ ಕಲಿತ ಹುಡುಗಿಯಂತೆ...

ಆಮೇಲೆ ಒಂದಷ್ಟು ಕಾಲ ಆಕೆಗೆ ಒಳ್ಳೆಯದಾಯಿತು. ತಿಂಗಳಿಗೊಮ್ಮೆ ಬರುತ್ತಿದ್ದವಳು ಹದಿನೈದು ದಿನಕ್ಕೊಮ್ಮೆ ಬರತೊಡಗಿದಳು. ಬಜಾರಿನಲ್ಲಿ ಹೊಸ ನಮೂನೆಯ ಲೇಸು, ಕುಚ್ಚು ನೋಡಿ ತಂದು ಮದುವೆ ಕುಪ್ಪಸ ಹೊಲಿಯತೊಡಗಿದಳು. ನಾರಾಯಣಖೇಡದಿಂದ, ಕಂಗ್ಟಿಯಿಂದ, ಬೀದರದ ಕಡೆಯಿಂದಲೂ ಮದುವಣಗಿತ್ತಿಯರು ಹುಡುಕಿಕೊಂಡು ಬರುತ್ತಿದ್ದರು. ಹೊಲಿಗೆ ಕಲಿಯಲು ಬರುವ ಹುಡುಗಿಯರನ್ನು ಒಮ್ಮೆ ಮೆಟ್ರೋ ತೋರಿಸಲು ಕರೆತಂದು, ಅದೇನೋ ತನ್ನ ತವರುಮನೆ ಅನ್ನುವಂತೆ ಎಲ್ಲ ವಿವರಿಸಿದಳು. ತಾಂಡೂರು ಸ್ಟೇಷನ್ನಿನಲ್ಲಿ ಶುರುವಾದದ್ದು ಈ ಸ್ಟೇಷನ್ನಿನಲ್ಲಿ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ.

ಆಮೇಲೆ ಲಿಫ್ಟು ಕೆಡಲು ಶುರುವಾಯಿತು.

ಮೊದಮೊದಲು ಒಂದೆರಡು ದಿನ. ಬಾಗಿಲಿಗೆ ಅಡ್ಡ ಹಳದಿ ಹಲಗೆ, ಅದರ ಮೇಲೆ ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಅಸೌಕರ್ಯಕ್ಕಾಗಿ ವಿಷಾದ. ಆಮೇಲೆ ವಾರ. ಆಮೇಲೆ ಆ ಹಲಗೆ ಅಲ್ಲೇ ಬೇರು ಬಿಟ್ಟಿತು. ನನ್ನಂಥವರಿಗೆ ಅದು ಕಣ್ಣಿಗೂ ಬೀಳುತ್ತಿರಲಿಲ್ಲ. ಮೆಟ್ಟಿಲಿದ್ದವು, ಹತ್ತಲು ಎಸ್ಕಲೇಟರ್ ಇತ್ತು. ಊರುಗೋಲಿನವಳಿಗೆ ಎಸ್ಕಲೇಟರ್ ಆಗುವುದಿಲ್ಲ. ಆಕೆ ಜಹೀರಾಬಾದಿನಿಂದ ಹೊರಡುವ ಮುಂಚೆ ನನಗೆ ಫೋನು ಹಚ್ಚಿ, "ಲಿಫ್ಟ್ ಚಾಲೂ ಅದ ಏನು?" ಅಂತ ಕೇಳುವುದು ರೂಢಿಯಾಯಿತು. ನಾನು ಹೋಗಿ ನೋಡಿ ಹೇಳುತ್ತಿದ್ದೆ.

ಆ ದಿನ ಬೆಳಗ್ಗೆ ಲಿಫ್ಟು ನಡೆಯುತ್ತಿತ್ತು. ಆಕೆ ಹತ್ತಿ ಬಜಾರಿಗೆ ಹೋದಳು. ಸಂಜೆ ಬಟ್ಟೆಯ ಗಂಟು ಹಿಡಿದು ವಾಪಸು ಬಂದು ಇಳಿದಾಗ ನಿಂತುಹೋಗಿತ್ತು. ನಾನು ಕೆಳಗೆ ಕಾಯುತ್ತಿದ್ದೆ. ಫೋನಿನಲ್ಲಿ ಆಕೆ ಸಮಾಧಾನವಾಗಿಯೇ ಇದ್ದಳು. "ನಾ ಹಿಂದಿನ ಸ್ಟೇಷನ್ನಿಗಿ ಹೋಗ್ತೀನಿ. ಅಲ್ಲಿ ಲಿಫ್ಟ್ ಬರೋಬರಿ ಅದ. ಆಟೋ ಮಾಡ್ಕೊಂಡು ಬರ್ತೀನಿ, ನೀ ಅಲ್ಲೇ ಇರು" ಅಂದಳು. ಅದೇ ಮಾತನ್ನು ಮೇಲಿದ್ದ ಸಿಬ್ಬಂದಿಗೂ ಹೇಳಿದ್ದಳು. ಫೋನು ಇನ್ನೂ ಕಟ್ಟಾಗಿರಲಿಲ್ಲ, ನನಗೆ ಎಲ್ಲ ಕೇಳಿಸುತ್ತಿತ್ತು. ಯಾರೋ, "ಅಷ್ಟು ದೂರ ಯಾಕಮ್ಮಾ, ನಾವಿದ್ದೇವಲ್ಲ" ಅಂತ ತೆಲುಗಿನಲ್ಲಿ ಅಂದರು. "ವದ್ದು, ವದ್ದು" ಅಂತ ಆಕೆಯೂ ತೆಲುಗಿನಲ್ಲೇ ಬೇಡವೆಂದಳು. ಆಮೇಲೆ ಹಿಂದಿಯಲ್ಲಿ. ಆಮೇಲೆ, ಗಾಬರಿಯಾದಾಗ ಬರುವುದು ಅದೊಂದೇ ಅನ್ನುವಂತೆ, ಕನ್ನಡದಲ್ಲಿ. "ಬ್ಯಾಡ್ರೀ... ನನಗ ಎತ್ತಬ್ಯಾಡ್ರೀ..."

ನಾನು ಮೆಟ್ಟಿಲ ಕಡೆ ಓಡಿದೆ. ಕೆಲಸ ಬಿಟ್ಟು ಬರುವವರ ಗುಂಪು ಇಳಿಯುತ್ತಿತ್ತು. ಆ ತಲೆಗಳ ಮೇಲೆ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಿಷನ್ ಅಕ್ಕ ಇಳಿದು ಬರುತ್ತಿದ್ದಳು. ನಾಲ್ಕು ಜನ ಕುರ್ಚಿಯ ನಾಲ್ಕು ಕಾಲು ಹಿಡಿದಿದ್ದರು. ಸೊರಗಿದ ಕಾಲಿನ ಮೇಲೆ ಸೀರೆ ಸರಿದಿತ್ತು, ಅದನ್ನು ಎಳೆದುಕೊಳ್ಳಲು ಒಂದು ಕೈ, ಬೀಳದಂತೆ ಕುರ್ಚಿ ಹಿಡಿಯಲು ಇನ್ನೊಂದು. ಊರುಗೋಲು ಯಾರದೋ ಕೈಯಲ್ಲಿ ಹಿಂದೆ ಎಲ್ಲೋ ಇತ್ತು. ಸುತ್ತ ಫೋನುಗಳು ಎದ್ದಿದ್ದವು. ಕೆಳಗಿಳಿಸಿದಾಗ ಜನ ಚಪ್ಪಾಳೆ ತಟ್ಟಿದರು.

ಆಕೆ ಅಳಲಿಲ್ಲ, ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಆಟೋದಲ್ಲಿ ನನ್ನ ಕೋಣೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಚಹ ಇಟ್ಟೆ, ಮುಟ್ಟಲಿಲ್ಲ.

ವಿಡಿಯೋ ಆಕೆಗಿಂತ ಮೊದಲೇ ಜಹೀರಾಬಾದ್ ಮುಟ್ಟಿತ್ತು. ಮಾನವೀಯತೆ ಇನ್ನೂ ಬದುಕಿದೆ ಅಂತ ಅದರ ಮೇಲೆ ಬರೆದಿದ್ದರು, ಹಿಂದೆ ಯಾವುದೋ ದುಃಖದ ಸಂಗೀತ ಹಾಕಿದ್ದರು. ಅಂಗಡಿಗೆ ಬಂದವರೆಲ್ಲ, "ಅಕ್ಕಾ, ನಿಮಗ ನೋಡಿದ್ವಿ, ಎಂಥಾ ಛೊಲೋ ಮಂದಿ ಅಲ್ಲಾ" ಅನ್ನುವವರೇ. ಎತ್ತಿದವರಿಗೆ ಮೇಲಧಿಕಾರಿಗಳು ಶಾಲು ಹೊದಿಸಿದ ಫೋಟೋ ಕೂಡ ಬಂತು. ಲಿಫ್ಟು ಯಾಕೆ ಕೆಟ್ಟಿತ್ತು ಅಂತ ಒಬ್ಬರಾದರೂ ಕೇಳಿದ್ದರೆ! ಮದುವೆ ಕುಪ್ಪಸಕ್ಕೆ ಬಂದ ಹುಡುಗಿಯೊಬ್ಬಳು ಫೋನು ತೆಗೆದು ವಿಡಿಯೋ ತೋರಿಸಹೋದಾಗ ಆಕೆ ಅಳತೆ ಟೇಪನ್ನು ಮೇಜಿನ ಮೇಲೆ ಒಗೆದು, ಅಂಗಡಿ ಮುಚ್ಚಿ ಒಳಗೆ ಹೋಗಿಬಿಟ್ಟಳಂತೆ.

ಕೆಲವು ದಿನಗಳಾದ ಮೇಲೆ ಆಕೆಯ ಫೋನು ಬಂತು. "ಮೆಟ್ರೋದವ್ರ ಆಫೀಸ್ ಎಲ್ಲದ? ನನ್ನ ಜೋಡಿ ಬರ್ತಿ ಏನ್?"

ಇಬ್ಬರೂ ಹೋದೆವು. ಒಂದು ಮೇಜಿನಿಂದ ಇನ್ನೊಂದಕ್ಕೆ ಕಳಿಸಿ ಕಳಿಸಿ ಕೊನೆಗೊಬ್ಬ ಅಧಿಕಾರಿಯ ಮುಂದೆ ಕೂಡಿಸಿದರು. ಒಳ್ಳೆಯ ಮನುಷ್ಯನೇ. ನೀರು ತರಿಸಿಕೊಟ್ಟ. ಆಮೇಲೆ ನಗುತ್ತ ತನ್ನ ಫೋನು ತೆಗೆದು ನಮ್ಮ ಕಡೆ ತಿರುಗಿಸಿದ. ಅದೇ ವಿಡಿಯೋ! "ನೋಡಿ ಅಮ್ಮಾ, ನಮ್ಮ ಹುಡುಗರು ನಿಮ್ಮನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು" ಅಂದ ತೆಲುಗಿನಲ್ಲಿ. ಆಕೆ ತೆಲುಗಿನಲ್ಲೇ ಸಾವಕಾಶ ಹೇಳಿದಳು, "ಸರ್, ಎತ್ತುವವರು ಬೇಡ. ಲಿಫ್ಟು ಬೇಕು." ಕೆಟ್ಟ ಬಿಡಿಭಾಗ ಹೊರಗಿನಿಂದ ಬರಬೇಕು, ಬಂದಕೂಡಲೇ ಆಗುತ್ತದೆ ಅಂದ ಆತ. ಎಂದು ಬರುತ್ತದೆ ಅಂದರೆ ಅದು ತನ್ನ ಕೈಯಲ್ಲಿಲ್ಲ ಅಂದ. ಯಾರ ಕೈಯಲ್ಲಿದೆ ಅಂದರೆ ಅದೂ ಗೊತ್ತಿಲ್ಲ. "ಬರುವ ಮುಂಚೆ ಒಂದು ಫೋನ್ ಮಾಡಿ ಅಮ್ಮಾ, ಗಾಲಿಕುರ್ಚಿ ಇಟ್ಟು, ಇಬ್ಬರನ್ನು ನಿಲ್ಲಿಸಿರುತ್ತೇನೆ. ಕೆಳಗೆ ಕಾಲಿಡುವ ಕೆಲಸವೇ ಇಲ್ಲ" ಅಂತ ಭರವಸೆ ಕೊಟ್ಟ. ಆತನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಹೊರಗೆ ಬಂದು ಆಕೆ ಕೇಳಿದಳು, "ನಾ ಏನ್ ಅರಬಿಯಾಗ ಮಾತಾಡಿದ್ನಿ ಏನ?"

ಮರುವಾರ ಆಕೆ ಒಬ್ಬಳೇ ಬಂದಳು, ನನಗೂ ಹೇಳಿರಲಿಲ್ಲ. ಲಿಫ್ಟಿನ ಮುಂದೆ, ಹಳದಿ ಹಲಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಕಾಲ ಮೇಲೆ ಯಾರದೋ ಸೀರೆ, ಕೈಯಲ್ಲಿ ಸೂಜಿ. ಫಾಲು ಹಚ್ಚುತ್ತಿದ್ದಳು. ನಾನು ಡ್ಯೂಟಿಗೆ ಹೊರಟವಳು ನೋಡಿ ದಂಗಾದೆ.

"ಇಲ್ಲ್ಯಾಕ ಕುಂತಿ ಅಕ್ಕಾ?"

"ಲಿಫ್ಟಿಗಿ ಕಾಯ್ಲತ್ತೀನಿ. ಆಗ್ತದ ಅಂದಾನಲ್ಲ ಸಾಹೇಬ. ಆಗೋತನಕ ಕೂಡ್ತೀನಿ."

ನಾನು ರಜೆ ಹೇಳಿ ಮಗ್ಗುಲಿಗೆ ಕೂತೆ. ಜನ ಬಂದರು, ನಿಂತರು, ಹೋದರು. ಒಬ್ಬ ಮುದುಕ, ಮೊಣಕಾಲು ನೋವಿನವನು, ಬಂದು ಕೈಮುಗಿದು ಹೋದ. ಬಸುರಿಯೊಬ್ಬಳು ಸ್ವಲ್ಪ ಹೊತ್ತು ನಮ್ಮ ಜೊತೆ ಕೂತಳು. ಸಿಬ್ಬಂದಿ ಬಂದು, ಇಲ್ಲಿ ಕೂಡಬಾರದು ಅಂದರೆ, "ಹಂಗಾದ್ರ ಮ್ಯಾಲ ಕಳಸ್ರಿ" ಅನ್ನುತ್ತಿದ್ದಳು. ಎಬ್ಬಿಸಬೇಕೆಂದರೆ ಎತ್ತಬೇಕು. ಆಕೆಯ ಕಣ್ಣು ನೋಡಿದ ಯಾರೂ ಅದಕ್ಕೆ ಮುಂದಾಗಲಿಲ್ಲ.

ಮಧ್ಯಾಹ್ನ ಒಬ್ಬ ಸೆಕ್ಯುರಿಟಿ ಗಾರ್ಡ್ ಹಿಂಜರಿಯುತ್ತ ಬಂದು ನಿಂತ. ನೋಡಿದ ಕೂಡಲೇ ಗುರುತು ಹತ್ತಿತು. ಕುರ್ಚಿ ಹಿಡಿದ ನಾಲ್ವರಲ್ಲಿ ಒಬ್ಬ, ಗಡ್ಡದ ಗಟ್ಟಿ ಆಳು, ಎರಡು ಮಕ್ಕಳ ತಂದೆಯಿರಬೇಕು ಅನ್ನುವಂಥ ವಯಸ್ಸು. ಬಾಯಿ ತೆರೆದರೆ ನಮ್ಮದೇ ಕನ್ನಡ.

"ಅಕ್ಕಾರ... ನಾ ಕಂಗ್ಟಿಯಾಂವ್ರಿ. ಅವತ್ತು ನಾನೂ ಎತ್ತಿದ್ನಿರಿ. ನನಗ ಶಾಲ್ ಹಾಕ್ಯಾರ, ಮನಿಯಾಗ ಗೋಡಿಗಿ ಫೋಟೋ ಹಚ್ಚೀನಿ. ಛೊಲೋ ಮಾಡೀನಿ ಅನ್ಕೊಂಡಿದ್ನಿ. ನಿಮಗ ತ್ರಾಸ ಆತೇನ್ರಿ?"

ಮಿಷನ್ ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನೀ ಕಂಗ್ಟಿಯವ್ನಾ? ಹಂಗಾದ್ರ ನಾ ಬ್ಯಾಡ್ರಿ ಅಂದಿದ್ದು ನಿಂಗ ತಿಳೀತಲ್ಲೋ ತಮ್ಮಾ."

ಆತ ತಲೆ ತಗ್ಗಿಸಿದ. "ತಿಳೀತ್ರಿ. ನಾಚಿಕಿಗಿ ಬ್ಯಾಡ ಅಂತಾರ ಅನ್ಕೊಂಡ್ನಿರಿ."

"ಬ್ಯಾಡ ಅಂದ್ರ ಬ್ಯಾಡ. ಅದಕ್ಕ ಬ್ಯಾರೆ ಅರ್ಥ ಯಾಕ ಹುಡಕ್ತೀರಿ ಎಲ್ಲಾರೂ?" ಅಂದಳು. ಆಮೇಲೆ ಅವನ ಮುಖ ನೋಡಿ ಮೆತ್ತಗಾದಳು. "ನಿನ್ನ ಮ್ಯಾಲ ಸಿಟ್ಟಿಲ್ಲ. ನೀ ಮನಸ್ಸಿಲೆ ಮಾಡಿದಿ. ಖರೇ, ಜರಾ ಕೇಳಬೇಕಿತ್ತು. ಅಷ್ಟ."

ಆತ ಹೋಗುವಾಗ, "ನಾ ಏನ್ ಮಾಡಬೇಕ್ರಿ ಅಕ್ಕಾ ಈಗ?" ಅಂದ. "ಲಿಫ್ಟ್ ಮಾಡಸು" ಅಂದಳು. ಆತ ಹೋಗಿ ಯಾರ ಜೊತೆ ಏನು ಮಾತಾಡಿದನೋ ಕಾಣೆ, ಫೋನಿನಲ್ಲಿ ಜೋರಾಗಿ ಕೂಗುವುದು ಮಾತ್ರ ನಮ್ಮ ತನಕ ಕೇಳಿಸಿತು. ಸಂಜೆಗೆ ಇಬ್ಬರು ಮೆಕ್ಯಾನಿಕ್‌ಗಳು ಬಂದು ಏನೋ ತಿರುವಿ, ಏನೋ ಕಟ್ಟಿ, ಲಿಫ್ಟನ್ನು ಮೇಲೆ ಕಳಿಸಿದರು. ಹೊರಗಿನಿಂದ ಬರಬೇಕಾದ ಭಾಗ ಬರದೆಯೇ. ಆಕೆ ಎದ್ದು, ಸೀರೆ ಮಡಚಿಟ್ಟು, ಲಿಫ್ಟಿನೊಳಗೆ ಹೋಗಿ ಮೇಲೊಮ್ಮೆ ಹೋಗಿ ಬಂದು, ಜಹೀರಾಬಾದಿನ ಬಸ್ಸು ಹಿಡಿದಳು.

ಇಲ್ಲಿಗೇ ಮುಗಿದಿದ್ದರೆ ಗೆದ್ದಳು ಅಂತ ಬರೆಯಬಹುದಿತ್ತು. ಲಿಫ್ಟು ನಡೆದದ್ದು ಕೆಲವೇ ದಿನ. ಮತ್ತೆ ಹಳದಿ ಹಲಗೆ, ಮತ್ತೆ ವಿಷಾದ. ಆಕೆ ಮತ್ತೆ ಬಂದು ಕೂತಳು. ಮತ್ತೆ ಕಟ್ಟಿದರು, ಮತ್ತೆ ಕೆಟ್ಟಿತು. ಮೂರನೆಯ ಸಲಕ್ಕೆ ಜನ ನಿಂತು ನೋಡುವುದನ್ನೂ ಬಿಟ್ಟಿದ್ದರು. ಕಂಗ್ಟಿಯವನನ್ನು ಬೇರೆಲ್ಲೋ ಹಾಕಿದ್ದರು. ಸಿಬ್ಬಂದಿಯೆಲ್ಲ ಹೊಸಬರು, ಆಕೆ ಯಾರು ಅಂತಲೇ ಗೊತ್ತಿಲ್ಲದವರು. ಒಬ್ಬ ಆಕೆಯ ಮುಂದೆ ಚಿಲ್ಲರೆ ಹಾಕಿ ಹೋದ. ಆ ನಾಣ್ಯವನ್ನು ಆಕೆ ಮುಟ್ಟಲೂ ಇಲ್ಲ. ಗಂಟು ಕಟ್ಟಿಕೊಂಡು ಎದ್ದವಳು ಮತ್ತೆ ಬರಲಿಲ್ಲ.

ಮದುವೆ ಕುಪ್ಪಸ ನಿಂತವು. ಸ್ಥಳೀಯ ಅಂಗಡಿಯಲ್ಲಿ ಸಿಕ್ಕ ದಾರ, ಸಿಕ್ಕ ಅಸ್ತರು. ಫೋನಿನಲ್ಲಿ ಮಾತಾಡಿದಾಗ ಲಿಫ್ಟಿನ ಸುದ್ದಿ ಕೇಳುವುದನ್ನು ಬಿಟ್ಟಳು. ನಾನು ಊರಿಗೆ ಹೋದಾಗ ಸಿಗುತ್ತಿದ್ದಳು, ನಗುತ್ತಿದ್ದಳು, ಬೈಯುತ್ತಲೂ ಇದ್ದಳು. ಆದರೆ ಬೈಗುಳದಲ್ಲಿ ಮೊದಲಿನ ಖಾರ ಇರಲಿಲ್ಲ. ಭುಜ ಬಹಳ ನೋಯುತ್ತದೆ ಅನ್ನುತ್ತಿದ್ದಳು. ಒಂದು ಬೇಸಿಗೆಯಲ್ಲಿ ಜ್ವರ ಬಂತು. ಎದೆಗೆ ಇಳಿಯಿತು. ಹೊಲಿಗೆ ಕಲಿಯುತ್ತಿದ್ದ ಹುಡುಗಿಯೊಬ್ಬಳು ಫೋನು ಮಾಡಿ ಅಳುತ್ತ ಸುದ್ದಿ ಹೇಳಿದಾಗ ನಾನು ಆಸ್ಪತ್ರೆಯಲ್ಲಿ ಯಾರದೋ ರಕ್ತದ ಸ್ಯಾಂಪಲ್ ಹಿಡಿದು ನಿಂತಿದ್ದೆ...

ಆ ಅಂಗಡಿಯಲ್ಲೀಗ ಮೊಬೈಲ್ ರಿಪೇರಿ ನಡೆಯುತ್ತದೆ.

ಆಕೆ ಹೋದ ಮರುವರ್ಷ ನಮ್ಮ ನಿಲ್ದಾಣಕ್ಕೆ ಹೊಸ ಲಿಫ್ಟು ಬಂತು. ಹಳೆಯದನ್ನು ಪೂರಾ ಕಿತ್ತು, ದೊಡ್ಡದು, ಗಾಜಿನದು. ಎಲ್ಲರೂ ಅದರಲ್ಲೇ ಹೋಗುತ್ತಾರೆ, ಕಾಲು ಗಟ್ಟಿ ಇದ್ದವರೇ ಮೊದಲು ನುಗ್ಗುತ್ತಾರೆ. ಕೆಟ್ಟರೆ ಆ ದಿನವೇ ರಿಪೇರಿ. ಒಂದು ಭಾಗ ಹೊರಗಿನಿಂದ ಬರಲು ಅಷ್ಟು ಕಾಲ ಯಾಕೆ ಬೇಕಾಯಿತು, ಈಗ ಯಾಕೆ ಬೇಡ, ಯಾರನ್ನು ಕೇಳಬೇಕು ಅಂತ ನನಗಿನ್ನೂ ತಿಳಿದಿಲ್ಲ. ಕೇಳಿದರೂ ಈಗ ಲಿಫ್ಟು ನಡೆಯುತ್ತಿದೆಯಲ್ಲ ಮೇಡಂ ಅನ್ನುತ್ತಾರೆ. ಅದೂ ಖರೆಯೇ.

ವಿಡಿಯೋ ಮಾತ್ರ ಸಾಯುವುದಿಲ್ಲ. ಆಗಾಗ ಎಲ್ಲಿಂದಲೋ ಎದ್ದು ಬರುತ್ತದೆ. ಈ ಸಲ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೇ ಬಂತು. ಊರಿನ ಹೆಸರು ಬೇರೆ ಯಾವುದ್ಯಾವುದೋ ಆಗಿದೆ, ಆಕೆ ಅನಾಥ ವೃದ್ಧೆ ಆಗಿದ್ದಾಳೆ. ಸಂಗೀತದಲ್ಲಿ ಮಾತು ಮುಚ್ಚಿಹೋಗಿದೆ, ಬಾಯಿ ಆಡುವುದು ಮಾತ್ರ ಕಾಣುತ್ತದೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನು ಬರೆದೆ: "ಈಕಿ ಅನಾಥ ಅಲ್ಲ. ನಮ್ಮ ಗಲ್ಲಿಯ ಮಿಷನ್ ಅಕ್ಕ. ಎತ್ತಬ್ಯಾಡ್ರಿ ಅನ್ಲತ್ತಾಳ ಇದರಾಗ."

ನಮ್ಮ ಸೋದರತ್ತೆಯ ಮಗಳು ಅದಕ್ಕೂ ಒಂದು ಕೈಮುಗಿದ ಚಿತ್ರ ಹಾಕಿದಳು.

ಆಕೆ ಇದ್ದಿದ್ದರೆ ಆಗಲೇ ಫೋನು ಹಚ್ಚುತ್ತಿದ್ದೆ. ಇಬ್ಬರೂ ಕೂಡಿ ಮೂರು ಭಾಷೆಯಲ್ಲಿ ಮನಸಾರೆ ಬೈದು ಹಗುರಾಗುತ್ತಿದ್ದೆವು. ಈಗ ಒಬ್ಬಳೇ ಬೈಯಬೇಕು. ಒಬ್ಬಳೇ ಬೈದರೆ ಸಿಟ್ಟು ಇಳಿಯುವುದಿಲ್ಲ.